ಗೋಥಿಕ್ ಚರ್ಚಿನ ಚಿತ್ರ ಅಂದ್ರೆ ಯಾಕೆ ಯಾವಾಗ್ಲೂ ಕತ್ತಲು, ಕಾಗೆ, ಮೋಡ?

ಗೆರೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಗೋಥಿಕ್ ಕಟ್ಟಡಗಳ (ಯುರೋಪಿನ ಮಧ್ಯಯುಗದ, ಚೂಪು ಕಮಾನಿನ ಶೈಲಿ) ಚಿತ್ರಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಹಳೆಯ ಎಚ್ಚಿಂಗ್ (ಲೋಹದ ತಗಡಿನ ಮೇಲೆ ಗೆರೆ ಎಳೆದು ಅಚ್ಚು ತೆಗೆದ ಚಿತ್ರ), ಪೆನ್ಸಿಲ್ ಸ್ಕೆಚ್, ಈಗಿನವರು ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ್ದು, ಎಲ್ಲಾ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಮೂಡ್. ಕಪ್ಪು ಮೋಡ, ಕಾಗೆ, ಮಂಜು, ಬಿರುಕುಬಿಟ್ಟ ಗೋಡೆ, ಒಬ್ಬ ಒಂಟಿ ಮನುಷ್ಯ. ಕೆಳಗಿನ ಕಾಮೆಂಟುಗಳಲ್ಲಿ ಒಂದು ಸಿದ್ಧ ಪಟ್ಟಿ ಬೇರೆ: ಚೂಪು ಕಮಾನು ಅಂದರೆ ಮುಗಿದ ಕೈ, ಗಾರ್ಗಾಯ್ಲ್ (ಗೋಡೆಯಿಂದ ಹೊರಚಾಚಿದ ವಿಕಾರ ಪ್ರಾಣಿಯ ಶಿಲ್ಪ) ಅಂದರೆ ಪಾಪ, ರೋಸ್ ವಿಂಡೋ (ಹೂವಿನ ಥರದ ದುಂಡು ಗಾಜಿನ ಕಿಟಕಿ) ಅಂದರೆ ಸ್ವರ್ಗ.

ಆದರೆ ಚಿತ್ರ ನೋಡಿದಾಗ ಮನಸ್ಸಿಗೆ ಆಗುವುದಕ್ಕೂ ಆ ಪಟ್ಟಿಗೂ ತಾಳೆಯೇ ಆಗುವುದಿಲ್ಲ. ಕೆಲವು ಚಿತ್ರ ನೋಡಿದರೆ ಎದೆ ಭಾರ. ಕೆಲವು ನೋಡಿದರೆ ಮನಸ್ಸು ಹಗುರ. ಎರಡರಲ್ಲೂ ಇರೋದು ಅದೇ ಕಮಾನು, ಅದೇ ಕಿಟಕಿ. ಹಾಗಾದರೆ ಈ ದುಃಖ ಕಲ್ಲಿನಲ್ಲಿದೆಯಾ, ಬಿಡಿಸಿದವರ ಕೈಯಲ್ಲಿದೆಯಾ?

ಕೇಳೋಕೆ ಕಾರಣವಿದೆ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನು ದೊಡ್ಡ ಹಾಳೆಯಲ್ಲಿ ಪೆನ್ನು, ಶಾಯಿಯಲ್ಲಿ ಬಿಡಿಸಬೇಕು ಅಂತಿದ್ದೇನೆ. ಎಲ್ಲರೂ ಮಾಡುತ್ತಾರೆ ಅಂತ ಸುಮ್ನೆ ಕತ್ತಲು ತುಂಬಿಸೋಕೆ ಮನಸ್ಸು ಒಪ್ಪುತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರು

ಒಳ್ಳೆ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಇಷ್ಟೇ: ಬಹುಪಾಲು ಕೈಯಲ್ಲಿದೆ. ಒಂದೇ ಒಂದು ಹಾಳೆ ತೋರಿಸಿ ಹೇಳುತ್ತೇನೆ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮೇಲೆ ಕೂತ ರಾಕ್ಷಸನ ಚಿತ್ರ ಎಲ್ಲರೂ ನೋಡಿರುತ್ತೀರಿ. ಗಲ್ಲಕ್ಕೆ ಕೈಕೊಟ್ಟು, ನಾಲಿಗೆ ಚಾಚಿ, ಊರನ್ನೇ ದಿಟ್ಟಿಸುತ್ತಾ ಕೂತಿದೆ. ಬೆನ್ನಿಗೆ ರೆಕ್ಕೆ. ಕೆಳಗೆ ಹಳೆ ಪ್ಯಾರಿಸ್ಸಿನ ಮಾಡುಗಳು, ಸುತ್ತ ಕಪ್ಪು ಹಕ್ಕಿಗಳು. ಷಾರ್ಲ್ ಮೆರಿಯೋನ್ 1853ರಲ್ಲಿ ಮಾಡಿದ ಎಚ್ಚಿಂಗ್ ಅದು. ಹೆಸರು 'ಲ ಸ್ತ್ರೀಜ್', ಅಂದರೆ ರಕ್ತ ಹೀರುವ ಪಿಶಾಚಿ. ಗೋಥಿಕ್ ಅಂದರೆ ಭಯ ಅನ್ನೋದು ಜನರ ತಲೆಯಲ್ಲಿ ಗಟ್ಟಿಯಾಗಿ ಕೂರೋಕೆ ಈ ಹಾಳೆಯ ಪಾಲು ದೊಡ್ಡದು.

ಈಗ ನೋಡಿ, ಆ ರಾಕ್ಷಸ ಮಧ್ಯಯುಗದವನೇ ಅಲ್ಲ. 1840ರ ದಶಕದಲ್ಲಿ ವಿಯೊಲೆ-ಲ-ದುಕ್ ಮತ್ತು ಲಾಸ್ಸು ಅನ್ನೋ ಆರ್ಕಿಟೆಕ್ಟ್‌ಗಳು ನೋತ್ರ್ ದಾಮ್‌ನ ಜೀರ್ಣೋದ್ಧಾರ ಶುರುಮಾಡಿದರಲ್ಲ, ಆ ಕೆಲಸದಲ್ಲಿ ಹೊಸದಾಗಿ ಕೆತ್ತಿ ಕೂರಿಸಿದ್ದು. ಮೆರಿಯೋನ್ ಬಿಡಿಸುವಾಗ ಆ ಕಲ್ಲಿನ ಮೇಲೆ ಸರಿಯಾಗಿ ಧೂಳೂ ಕೂತಿರಲಿಲ್ಲ. ಆದರೂ ಹಾಳೆ ನೋಡಿದರೆ ಸಾವಿರ ವರ್ಷದಿಂದ ಅಲ್ಲೇ ಕೂತು ಎಲ್ಲವನ್ನೂ ನೋಡಿದೆ ಅನ್ನಿಸುತ್ತದೆ. ಆ ವಯಸ್ಸು ಬಂದಿದ್ದು ಎಲ್ಲಿಂದ? ತಾಮ್ರದ ತಗಡಿನ ಮೇಲೆ ಒತ್ತೊತ್ತಾಗಿ ಎಳೆದ ಗೆರೆಗಳಿಂದ.

ಮೆರಿಯೋನ್‌ಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಪೇಂಟಿಂಗ್ ಬಿಟ್ಟು ಎಚ್ಚಿಂಗ್ ಹಿಡಿದ. ಅವನ ಪ್ಯಾರಿಸ್ ಹಾಳೆಗಳು ಬಂದ ಹೊತ್ತಿಗೇ ಹಳೆಯ ಊರನ್ನು ಕೆಡವಿ ಅಗಲದ ರಸ್ತೆ ಹಾಕುವ ಕೆಲಸ ನಡೆದಿತ್ತು. ಆ ಕೆಲಸವನ್ನು ದೊಡ್ಡದಾಗಿ ಮಾಡಿಸಿದ ಓಸ್ಮಾನ್ 1853ರಲ್ಲೇ ಆ ಊರಿನ ಆಡಳಿತಕ್ಕೆ ಬಂದ. ಎಚ್ಚಿಂಗಿಗೆ ಮೆರಿಯೋನ್ ಎರಡು ಸಾಲು ಪದ್ಯವನ್ನೂ ಬರೆದಿದ್ದಾನೆ. ತಣಿಯದ ಪಿಶಾಚಿಯಂಥ ಕಾಮ ಮಹಾನಗರದ ಮೇಲೆ ಕಣ್ಣಿಟ್ಟು ಆಹಾರ ಹುಡುಕುತ್ತಿದೆ ಅನ್ನೋ ಅರ್ಥದ್ದು. ಅವನು 1868ರಲ್ಲಿ ಷಾರಾಂತೋನ್ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಹಾಳೆಯಲ್ಲಿರೋದು ಹದಿಮೂರನೇ ಶತಮಾನದ ಭಯ ಅಲ್ಲ, 1853ರ ಒಬ್ಬ ಮನುಷ್ಯನ ಭಯ.

ಕಲ್ಕುಟಿಗ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನಾನು ಆರ್ಕಿಟೆಕ್ಟ್, ಕಟ್ಟಡದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಆ "ಮುಗಿದ ಕೈ" ಪಟ್ಟಿ ನೋಡಿದಾಗಲೆಲ್ಲಾ ಬೇಜಾರಾಗುತ್ತದೆ. ಚೂಪು ಕಮಾನು ಬಂದಿದ್ದು ಕೆಲಸಕ್ಕೆ. ಅರ್ಧವೃತ್ತದ ಕಮಾನು ಎಷ್ಟು ಎತ್ತರ ಇರಬೇಕು ಅಂತ ಅದರ ಅಗಲವೇ ತೀರ್ಮಾನ ಮಾಡುತ್ತದೆ. ಅಗಲದ ಅರ್ಧ, ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ. ಚೂಪು ಕಮಾನಿಗೆ ಆ ಹಂಗಿಲ್ಲ. ಅಗಲ ಎಷ್ಟಿದ್ದರೂ ತುದಿಯನ್ನು ಬೇಕಾದ ಎತ್ತರಕ್ಕೆ ಒಯ್ಯಬಹುದು. ಪಕ್ಕಕ್ಕೆ ತಳ್ಳುವ ಬಲವೂ ಅದರಲ್ಲಿ ಕಡಿಮೆ. ಉಳಿದದ್ದನ್ನು ಫ್ಲೈಯಿಂಗ್ ಬಟ್ರೆಸ್ ಹೊರುತ್ತದೆ, ಅಂದರೆ ಗೋಡೆಗೆ ಹೊರಗಿನಿಂದ ಆತು ನಿಂತ ಆಸರೆ ಕಮಾನು. ಗೋಡೆಗೆ ಹೊರೆ ಇಳಿಯಿತು. ಗೋಡೆ ಇದ್ದ ಕಡೆ ಗಾಜು ಬಂತು. ಗಾರ್ಗಾಯ್ಲ್ ಕೂಡ ಮಳೆನೀರನ್ನು ಗೋಡೆಯಿಂದ ದೂರ ಉಗುಳುವ ದೋಣಿಯೇ.

ಹಾಗಂತ ಸಂಕೇತವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪ್ಯಾರಿಸ್ ಹತ್ತಿರದ ಸಾಂ ದೆನಿ ಮಠದ ಗುರು ಸುಜೆ ತನ್ನ ಚರ್ಚಿನ ಪೂಜಾಪೀಠದ ಕಡೆಯ ಭಾಗವನ್ನು ಹೊಸದಾಗಿ ಕಟ್ಟಿಸಿದ. 1144ರಲ್ಲಿ ಅದರ ಪ್ರತಿಷ್ಠೆ ಆಯಿತು. ಗೋಥಿಕ್ ಶುರುವಾಗಿದ್ದು ಅಲ್ಲಿಂದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಯಾಕೆ ಹಾಗೆ ಕಟ್ಟಿಸಿದೆ ಅಂತ ಸುಜೆ ತಾನೇ ಬರೆದಿಟ್ಟಿದ್ದಾನೆ. ಅವನಿಗೆ ಬೇಕಿದ್ದದ್ದು ಬೆಳಕು. ಕಣ್ಣಿಗೆ ಕಾಣುವ ಬೆಳಕು ಹಿಡಿದು ಮನಸ್ಸು ಕಾಣದ ಬೆಳಕಿನ ಕಡೆಗೆ ಏರಬೇಕು ಅನ್ನೋದು ಅವನ ನಂಬಿಕೆ. ಈ ಶೈಲಿಯ ಮೊದಲ ಸಂಕೇತವೇ ಬೆಳಕು, ಅಲ್ವಾ?

ಕಪ್ಪು ಬಂದಿದ್ದು ಆಮೇಲೆ. ಮೇಣದಬತ್ತಿಯ ಹೊಗೆ, ಕಲ್ಲಿದ್ದಲ ಹೊಗೆ, ಶತಮಾನಗಳ ಧೂಳು. ಫ್ರಾನ್ಸಿನ ಅಮಿಯಾಂ ಊರಿನ ಕೆಥೆಡ್ರಲಿನ (ಬಿಷಪ್ಪರ ಮುಖ್ಯ ಚರ್ಚು) ಮುಂಬಾಗಿಲನ್ನು ತೊಳೆದಾಗ ಶಿಲ್ಪಗಳ ಮೇಲೆ ಬಣ್ಣದ ಗುರುತು ಸಿಕ್ಕವು. ಈಗ ರಾತ್ರಿ ಹೊತ್ತು ಬಣ್ಣದ ಬೆಳಕು ಹಾಯಿಸಿ ಆ ಸಂತರು ಹೇಗೆ ಕಾಣುತ್ತಿದ್ದರು ಅಂತ ತೋರಿಸುತ್ತಾರೆ. ಅದೇ ದೇಶದ ಶಾರ್ತ್ರ ಕೆಥೆಡ್ರಲಿನ ಒಳಗೆ 2009ರಿಂದ ಮಸಿ ತೆಗೆದು ಹಳೆಯ ಕೆನೆಬಣ್ಣ ಮರಳಿ ತಂದರು. ಖುಷಿಪಟ್ಟವರಿಗಿಂತ ಬೈದವರ ದನಿಯೇ ಜೋರಾಗಿತ್ತು. ನಮ್ಮ ಕತ್ತಲು ನಮಗೆ ವಾಪಸ್ ಕೊಡಿ ಅನ್ನೋ ಹಾಗೆ. ಆ ಕತ್ತಲನ್ನು ಪ್ರೀತಿಸೋಕೆ ಅವರಿಗೆ ಕಲಿಸಿದ್ದು ಚಿತ್ರಗಳು ಅಂತ ನನ್ನ ಅಭಿಪ್ರಾಯ.

ಗೆರೆಗಾರ್ತಿ

ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಸರ್. ಹಾಗಾದರೆ ಕಟ್ಟಿದ ಕಾಲದವರೇ ಬಿಡಿಸಿದ ಚಿತ್ರ ಉಳಿದಿವೆಯಾ? ಅವುಗಳಲ್ಲಿ ಭಾವನೆ ಅನ್ನೋದು ಇದೆಯಾ, ಬರೀ ಪ್ಲಾನ್ ಥರ ಇರುತ್ತವಾ?

ಇತಿಹಾಸದ ಹುಳ

ಉಳಿದಿವೆ. ಭಾವನೆಯೂ ಇದೆ, ಬೇಕಾದಷ್ಟಿದೆ. ವಿಲಾರ್ ದ ಒನ್ನೆಕೂರ್ ಅಂತ ಒಬ್ಬನಿದ್ದ. ಹದಿಮೂರನೇ ಶತಮಾನದ ಮೊದಲರ್ಧದವನು, ಉತ್ತರ ಫ್ರಾನ್ಸಿನವನು. ಅವನ ಸ್ಕೆಚ್ ಪುಸ್ತಕದಲ್ಲಿ ಚರ್ಮದ ಹಾಳೆಗಳು 33 ಉಳಿದುಕೊಂಡಿವೆ. ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಕಟ್ಟಡ, ಯಂತ್ರ, ಪ್ರಾಣಿ, ಕುಸ್ತಿ ಆಡುವವರು, ಎಲ್ಲಾ ಒಂದೇ ಪುಸ್ತಕದಲ್ಲಿ. ಒಂದು ಸಿಂಹ ಬಿಡಿಸಿ, ಇದನ್ನು ಜೀವಂತ ನೋಡಿಯೇ ಬಿಡಿಸಿದ್ದು ಅಂತ ಪಕ್ಕದಲ್ಲಿ ಬರೆದಿದ್ದಾನೆ.

ನಮ್ಮ ಮಾತಿಗೆ ಬೇಕಾದ ಹಾಳೆ ಎರಡು. ಒಂದು ಲಾಂ ಊರಿನ ಕೆಥೆಡ್ರಲಿನ ಗೋಪುರ. ನಾನು ಎಷ್ಟೋ ನಾಡು ತಿರುಗಿದ್ದೇನೆ, ಇಂಥ ಗೋಪುರ ಎಲ್ಲೂ ಕಂಡಿಲ್ಲ ಅಂತ ಪಕ್ಕದಲ್ಲೇ ಬರೆದಿದ್ದಾನೆ. ಆ ಗೋಪುರದ ಮೇಲಿನ ಅಂತಸ್ತಿನಿಂದ ಎತ್ತುಗಳು ಹೊರಗೆ ಇಣುಕುತ್ತವೆ. ಹೌದು, ಕಲ್ಲಿನ ಎತ್ತುಗಳು. ಬೆಟ್ಟದ ಮೇಲಿನ ಆ ಊರಿಗೆ ಕಲ್ಲು ಎಳೆದು ಸುಸ್ತಾದ ಎತ್ತುಗಳ ನೆರವಿಗೆ ಎಲ್ಲಿಂದಲೋ ಒಂದು ಎತ್ತು ಬಂದು ಹೆಗಲು ಕೊಟ್ಟು ಮಾಯವಾಯಿತು ಅನ್ನೋ ಕತೆ ಅಲ್ಲಿದೆ. ದುಡಿದ ಪ್ರಾಣಿಗಳನ್ನು ಸಂತರ ಜಾಗಕ್ಕಿಂತ ಮೇಲೆ ಕೂರಿಸಿದ್ದಾರೆ. ವಿಲಾರ್ ಆ ಎತ್ತುಗಳನ್ನು ಬಿಡದೆ ಬಿಡಿಸಿದ್ದಾನೆ. ಗೋಥಿಕ್ ಸಂಕೇತ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸೋದು ಇದನ್ನೇ. ಪಟ್ಟಿಯಲ್ಲಿ ಇದು ಇರೋದೇ ಇಲ್ಲ!

ಇನ್ನೊಂದು ರ್‍ಯಾಂಸ್ ಕೆಥೆಡ್ರಲಿನ ಕಿಟಕಿ. ಹಂಗೇರಿಗೆ ಕರೆ ಬಂದು ಹೊರಟಿದ್ದಾಗ ಇದನ್ನು ಬಿಡಿಸಿದೆ, ಯಾಕೆಂದರೆ ನನಗೆ ಇದೇ ಎಲ್ಲಕ್ಕಿಂತ ಇಷ್ಟ ಅಂತ ಬರೆದಿದ್ದಾನೆ. ಇಷ್ಟ ಆಯಿತು, ಅದಕ್ಕೆ ಬಿಡಿಸಿದೆ. ಸುಮಾರು ಎಂಟುನೂರು ವರ್ಷದ ಹಿಂದಿನ ಮಾತು. ಅವನ ಕಿಟಕಿ ಕಟ್ಟಿದ ಕಿಟಕಿಗೆ ಪೂರ್ತಿ ಹೊಂದುವುದೂ ಇಲ್ಲ. ಅಳತೆಗಿಂತ ಮೆಚ್ಚುಗೆ ಮುಂದೆ ಹೋಗಿದೆ.

ರೈನ್ ದಂಡೆ

ಜರ್ಮನಿಯ ಕೊಲೋನ್‌ನಿಂದ ನಮಸ್ಕಾರ. ನಾನು ಇಲ್ಲೇ ಇರೋದು, ಹಾಗಾಗಿ ಈ ಊರಿನ ಚಿತ್ರದ ಕತೆ ಹೇಳದೆ ಇರೋಕಾಗಲ್ಲ. ನಿಮ್ಮ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಕ್ಕೂ ಸಂಬಂಧ ಇದೆ. ಆ ಚರ್ಚಿಗೆ ಕೊಲೋನ್ ಕೆಥೆಡ್ರಲೇ ಮಾದರಿ ಅಂತ ಹೇಳುತ್ತಾರಲ್ಲ.

ಇಲ್ಲಿನ ಕೆಥೆಡ್ರಲ್ ಶುರುವಾಗಿದ್ದು 1248ರಲ್ಲಿ. ಹದಿನಾರನೇ ಶತಮಾನದಲ್ಲಿ ಕೆಲಸ ನಿಂತೇ ಹೋಯಿತು. ಒಂದು ಗೋಪುರದ ಮೊಂಡು ಬುಡ, ಅದರ ಮೇಲೆ ಕಲ್ಲು ಎತ್ತುವ ಮರದ ಕ್ರೇನ್. ಆ ಕ್ರೇನ್ ಶತಮಾನಗಟ್ಟಲೆ ಹಾಗೇ ನಿಂತಿತ್ತು. ಆ ಕಾಲದ ಊರಿನ ಚಿತ್ರ ಯಾವುದು ನೋಡಿದರೂ ಅದು ಕಾಣುತ್ತದೆ. ಊರವರಿಗೆ ಆ ಕ್ರೇನೇ ಗುರುತು.

ಮುಂಭಾಗ ಹೇಗಿರಬೇಕು ಅಂತ ಸುಮಾರು 1280ರಲ್ಲಿ ಬಿಡಿಸಿದ ನಕ್ಷೆ ಒಂದಿತ್ತು. ಚರ್ಮದ ಹಾಳೆಗಳನ್ನು ಜೋಡಿಸಿ, ನಾಲ್ಕು ಮೀಟರ್ ಎತ್ತರಕ್ಕೆ ಶಾಯಿಯಲ್ಲಿ ಎಳೆದದ್ದು. ಫ್ರೆಂಚ್ ಸೇನೆ ಬಂದ ಗಲಾಟೆಯಲ್ಲಿ ಅದು ಕಾಣೆಯಾಯಿತು. 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಒಂದು ಅಟ್ಟದಲ್ಲಿ ಅರ್ಧ ಸಿಕ್ಕಿತು. ಬೀನ್ಸ್ ಒಣಗಿಸೋಕೆ ಹಾಸಿದ್ದರಂತೆ. ಇನ್ನರ್ಧ 1816ರಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿತು. ಎರಡನ್ನೂ ಜೋಡಿಸಿದರು. 1842ರಲ್ಲಿ ಕೆಲಸ ಮತ್ತೆ ಶುರುವಾಯಿತು, 1880ರಲ್ಲಿ ಮುಗಿಯಿತು. 157 ಮೀಟರ್ ಎತ್ತರದ ಗೋಪುರಗಳು ಎದ್ದಿದ್ದು ಆ ಹಳೆಯ ಗೆರೆಗಳನ್ನು ನೋಡಿಕೊಂಡೇ.

ಮೊದಲು ಆ ನಕ್ಷೆಯ ಮುಂದೆ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಅದರಲ್ಲಿ ಮೋಡ ಇಲ್ಲ, ನೆರಳಿಲ್ಲ, ಮನುಷ್ಯರಿಲ್ಲ. ಬರೀ ಗೆರೆ. ಆ ಕಾಲದ ನಕ್ಷೆಗಳಲ್ಲಿ ಕೈವಾರದ ಮೊನೆ ಊರಿದ ಸಣ್ಣ ಸಣ್ಣ ತೂತು, ಶಾಯಿಗೆ ಮೊದಲು ಗೀರಿದ ಬಣ್ಣವಿಲ್ಲದ ಗೆರೆ ಎಲ್ಲಾ ಇರುತ್ತವೆ. ರಂಗೋಲಿಗೆ ಮೊದಲು ಚುಕ್ಕಿ ಇಡುತ್ತೇವಲ್ಲ, ಹಾಗೆ. ಆ ಗೆರೆ ಎಳೆದವನಿಗೆ ತಾನು ಈ ಗೋಪುರ ನೋಡೋದಿಲ್ಲ ಅಂತ ಗೊತ್ತಿತ್ತು. ಮಗನೂ ನೋಡೋದಿಲ್ಲ, ಮೊಮ್ಮಗನೂ ನೋಡೋದಿಲ್ಲ. ಆದರೂ ತುತ್ತತುದಿಯ ಕಲ್ಲಿನ ಹೂವಿನವರೆಗೂ ಬಿಡಿಸಿದ್ದಾನೆ. ನನ್ನ ಪ್ರಕಾರ ಗೋಥಿಕ್ ಚಿತ್ರದ ಮೂಲ ಭಾವ ಇದು. ಕಾಯುವುದು, ನಂಬುವುದು.

ಮಂಜುಮುಸುಕು

ಎಲ್ಲರೂ ಕತ್ತಲಿನ ಮೇಲೆ ಮುಗಿಬಿದ್ದಿದ್ದೀರಿ. ಅದರ ಪರವಾಗಿ ನಾನು ನಿಲ್ಲುತ್ತೇನೆ.

ಜರ್ಮನ್ ಚಿತ್ರಕಾರ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ ಬಿಡಿಸಿದ 'ಓಕ್ ತೋಪಿನ ಮಠ' ನೋಡಿ, 1809-10ರದ್ದು. ಹಿಮದ ನೆಲ. ಬೋಳು ಓಕ್ ಮರಗಳು. ನಡುವೆ ಒಂದೇ ಒಂದು ಗೋಡೆ ಉಳಿದ ಚರ್ಚು, ಗಾಜಿಲ್ಲದ ಎತ್ತರದ ಕಿಟಕಿ. ಕೆಳಗೆ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ಆ ಮುರಿದ ಬಾಗಿಲ ಕಡೆ ಹೋಗುತ್ತಿದ್ದಾರೆ. ಮುಂದೆ ತೋಡಿದ ಗುಂಡಿ. ಎಷ್ಟು ಸಣ್ಣದಾಗಿ ಬಿಡಿಸಿದ್ದಾನೆ ಅಂದರೆ ಆ ಜನ ಮೊದಲ ನೋಟಕ್ಕೆ ಕಾಣೋದೇ ಇಲ್ಲ.

ಇದು ಸುಮ್ನೆ ಮೂಡ್‌ಗೆ ಬಿಡಿಸಿದ್ದಾ? ಆ ಗೋಡೆ ಎಲ್ಡೆನಾ ಮಠದ್ದು. ಅವನು ಹುಟ್ಟಿದ ಗ್ರೈಫ್ಸ್‌ವಾಲ್ಡ್ ಊರಿನ ಪಕ್ಕದಲ್ಲೇ ಇದೆ. ಹನ್ನೆರಡನೇ ಶತಮಾನದ ಕೊನೆಗೆ ಶುರುವಾದ ಮಠ. ಆಮೇಲೆ ಅದರ ಇಟ್ಟಿಗೆ ಕಿತ್ತು ಬೇರೆ ಕಡೆ ಕಟ್ಟೋಕೆ ಒಯ್ದರು. ಫ್ರೀಡ್ರಿಕ್ ಚಿಕ್ಕವನಿದ್ದಾಗಿನಿಂದ ಕಂಡದ್ದು ಆ ಪಾಳು ಗೋಡೆಯನ್ನೇ. ಹದಿಮೂರು ವಯಸ್ಸಿಗೆ ಅವನ ಕಣ್ಣೆದುರೇ ತಮ್ಮ ನೀರುಪಾಲಾದ. ಅಂಥವನು ಪಾಳುಬಿದ್ದ ಚರ್ಚನ್ನು ಬೆಳಕಿನ ಉತ್ಸವವಾಗಿ ಬಿಡಿಸಬೇಕಿತ್ತಾ? ಕಟ್ಟಿದವರ ಭಾವನೆಗೆ ಎಷ್ಟು ಬೆಲೆಯೋ ಉಳಿದ ಗೋಡೆಯ ಮುಂದೆ ನಿಂತವರ ಭಾವನೆಗೂ ಅಷ್ಟೇ ಬೆಲೆ ಇದೆ. ಚಿತ್ರದ ಕತ್ತಲೆಲ್ಲಾ ಸುಳ್ಳು ಅನ್ನೋದನ್ನು ನಾನು ಒಪ್ಪುವುದಿಲ್ಲ.

ಕಲ್ಕುಟಿಗ

ಸುಳ್ಳು ಅಂತ ನಾನು ಹೇಳಲಿಲ್ಲ. ಕಟ್ಟಡದ ಮೂಲ ಗುಣ ಅದಲ್ಲ ಅಂದೆ, ಅಷ್ಟೇ. ಫ್ರೀಡ್ರಿಕ್ ಬಗ್ಗೆ ನೀವು ಹೇಳಿದ್ದು ಸರಿ. ಅವನ ನಂತರ ಬಂದ ನೂರಾರು ಜನ ಅವನ ದುಃಖ ಇಲ್ಲದೆ ಅವನ ಮಂಜನ್ನು ಮಾತ್ರ ಎತ್ತಿಕೊಂಡರಲ್ಲ, ನನ್ನ ತಕರಾರು ಅದರ ಮೇಲೆ.

ಇತಿಹಾಸದ ಹುಳ

ಫ್ರೀಡ್ರಿಕ್ ವಿಷಯ ಬಂದಿದ್ದು ಒಳ್ಳೆಯದಾಯಿತು. ಅದೇ ಕೈಯ ಇನ್ನೊಂದು ಚಿತ್ರ ಇದೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. 1811ರ ಹೊತ್ತಿನದು. ಅಲ್ಲೂ ಹಿಮವೇ. ಕುಂಟುವ ಒಬ್ಬ ಮನುಷ್ಯ ಊರುಗೋಲುಗಳನ್ನು ಹಿಮದಲ್ಲಿ ಬಿಸಾಕಿ, ಬಂಡೆಗೆ ಒರಗಿ, ಶಿಲುಬೆಯ ಮುಂದೆ ಕೈಮುಗಿದು ಕೂತಿದ್ದಾನೆ. ಹಿಂದೆ ಫರ್ ಮರಗಳು. ಅವುಗಳ ಹಿಂದೆ ಮಂಜಿನೊಳಗಿಂದ ಗೋಥಿಕ್ ಚರ್ಚು ಏಳುತ್ತಿದೆ. ಇಲ್ಲಿ ಚರ್ಚು ಮುರಿದಿಲ್ಲ, ಇಡಿಯಾಗಿದೆ. ಅದರ ಶಿಖರಗಳಿಗೂ ಫರ್ ಮರಗಳಿಗೂ ಒಂದೇ ಆಕಾರ. ಹತ್ತಿರ ಹೋಗಿ ನೋಡಿದರೆ ಹಿಮದ ಅಡಿಯಿಂದ ಹುಲ್ಲಿನ ಎಸಳು ಮೇಲೆ ಬರುತ್ತಿರೋದು ಕಾಣುತ್ತದೆ. ಅದೇ ಮಂಜು, ಅದೇ ಚೂಪು ಕಮಾನು. ಅಲ್ಲಿ ಸಾವು, ಇಲ್ಲಿ ಭರವಸೆ. ಕಮಾನು ಅಂದರೆ ಇಂಥದ್ದೇ ಅರ್ಥ ಅಂತ ಪಟ್ಟಿ ಮಾಡೋಕಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮರ ಮತ್ತು ಕಮಾನು ಒಂದೇ ಅನ್ನೋ ಕಲ್ಪನೆ ಆ ಕಾಲದಲ್ಲಿ ಜೋರಾಗಿತ್ತು. ಗೋಥಿಕ್ ಹುಟ್ಟಿದ್ದು ಕಾಡಿನ ತೋಪು ನೋಡಿ ಅಂತ ತುಂಬಾ ಜನ ನಂಬಿದ್ದರು. ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲ್ ಅಂತೂ 1790ರ ದಶಕದಲ್ಲಿ ನೆಲದಲ್ಲಿ ಕಂಬ ನೆಟ್ಟು, ವಿಲ್ಲೋ ಕಡ್ಡಿ ಬಗ್ಗಿಸಿ ಕಟ್ಟಿ, ಒಂದು ಪುಟ್ಟ ಗೋಥಿಕ್ ಚರ್ಚನ್ನೇ ಕಟ್ಟಿ ತೋರಿಸಿದ. ಕಟ್ಟಡದ ಇತಿಹಾಸವಾಗಿ ಅದು ನಿಲ್ಲುವುದಿಲ್ಲ. ಆದರೆ ಚಿತ್ರಕಾರರಿಗೆ ಅದರಿಂದ ದೊಡ್ಡ ಭಾಷೆಯೇ ಸಿಕ್ಕಿತು.

ಬರ್ಲಿನ್ನಿನ ಷಿಂಕೆಲ್ 1810ರಲ್ಲಿ ಮಾಡಿದ ಒಂದು ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಇದೆ. ದೊಡ್ಡ ಮರದ ಹಿಂದೆ ಗೋಥಿಕ್ ಚರ್ಚು. ಅದಕ್ಕೆ ಇಟ್ಟ ಹೆಸರೇ ಒಂದು ವಾಕ್ಯದಷ್ಟು ಉದ್ದ. ಚರ್ಚಿನೊಳಗಿಂದ ಪ್ರಾರ್ಥನೆಯ ನಾದ ಕೇಳಿಬಂದಾಗ ಎದೆ ತುಂಬುವ ಹಂಬಲದ, ಸಿಹಿಯಾದ ದುಃಖವನ್ನು ಹೇಳುವ ಒಂದು ಯತ್ನ ಅಂತ. ಅವನು ವೃತ್ತಿಯಿಂದ ಆರ್ಕಿಟೆಕ್ಟ್. 1806ರಲ್ಲಿ ಅವನ ನಾಡು ಪ್ರಷ್ಯಾ ನೆಪೋಲಿಯನ್‌ಗೆ ಸೋತಿತ್ತು. ಕಟ್ಟಡ ಕಟ್ಟಿಸೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಕಟ್ಟಲಾಗದ ಚರ್ಚನ್ನು ಅವನು ಬಿಡಿಸಿದ. ಆ ದುಃಖದೊಳಗೆ ಸೋತ ನಾಡಿನ ದುಃಖವೂ ಸೇರಿದೆ.

ಲಷ್ಕರ್ ಮೊಹಲ್ಲಾ

ನಿಮ್ಮೆಲ್ಲರ ಮಾತು ಓದುತ್ತಿದ್ದೆ. ನಾನು ಚಿತ್ರಗಾರಳಲ್ಲ. ಸೇಂಟ್ ಫಿಲೋಮಿನಾ ಚರ್ಚಿನ ಹತ್ತಿರ ಹುಟ್ಟಿ ಬೆಳೆದವಳು, ಈಗಲೂ ಅಲ್ಲೇ ಪೂಜೆಗೆ ಹೋಗುವವಳು.

ನಮ್ಮ ಚರ್ಚಿನ ಫೋಟೋ ಹಾಕಿ "ಸ್ಪೂಕಿ", "ಹಾರರ್ ಸಿನಿಮಾ ಥರ" ಅಂತ ಬರೆಯೋರನ್ನು ನೋಡಿ ನೋಡಿ ನೋವಾಗಿದೆ. ಅಲ್ಲಿ ನನ್ನ ಜ್ಞಾನಸ್ನಾನ ಆಗಿದೆ, ಮದುವೆ ಆಗಿದೆ. ಅಪ್ಪನನ್ನು ಕಳಿಸಿಕೊಟ್ಟಿದ್ದೂ ಅಲ್ಲಿಂದಲೇ. ಕ್ರಿಸ್ಮಸ್ ರಾತ್ರಿ ಗೋಪುರದ ಮೇಲಿಂದ ಕೆಳಗಿನವರೆಗೂ ದೀಪ. ಕ್ರೈಸ್ತರು ಮಾತ್ರ ಅಲ್ಲ, ಇಡೀ ಊರೇ ಬರುತ್ತದೆ. 1933ರಲ್ಲಿ ಇದಕ್ಕೆ ಅಡಿಗಲ್ಲು ಇಟ್ಟವರೇ ನಾಲ್ವಡಿ ಕೃಷ್ಣರಾಜ ಒಡೆಯರ್. ಈ 175 ಅಡಿ ಗೋಪುರಗಳು ನಮಗೆ ದಾರಿ ತೋರಿಸುವ ಗುರುತು. ಬಸ್ಸಿನಲ್ಲಿ ಬರುವಾಗ ಅವು ಕಂಡರೆ ಮನೆ ಬಂತು ಅಂತ ಅರ್ಥ.

ಗೆರೆಗಾರ್ತಿ ಅವರೇ, ಒಂದು ಕೋರಿಕೆ. ದಯವಿಟ್ಟು ಜನ ಇಲ್ಲದ ಚರ್ಚು ಬಿಡಿಸಬೇಡಿ. ಮೆಟ್ಟಿಲ ಮೇಲೆ ಮಕ್ಕಳು ಆಡುತ್ತಿರುತ್ತಾರೆ, ಅಜ್ಜಿಯರು ಮೊಂಬತ್ತಿ ಹಿಡಿದು ಬರುತ್ತಿರುತ್ತಾರೆ. ಅವರೂ ಬರಲಿ.

ಗೆರೆಗಾರ್ತಿ

ಅಕ್ಕಾ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಜನ ಇಲ್ಲದೆ ಬಿಡಿಸೋದಿಲ್ಲ. ಮಾತು ಕೊಡುತ್ತೇನೆ.

ಮೇಷ್ಟ್ರೇ, ಈಗ ಕೈಯ ವಿಷಯ ಹೇಳಿ. ಕತ್ತಲಿಲ್ಲದೆ ಎತ್ತರ ತೋರಿಸೋದು ಹೇಗೆ? ನೆರಳು ಕಡಿಮೆ ಮಾಡಿದರೆ ಕಟ್ಟಡ ಚಪ್ಪಟೆಯಾಗಿ ಕಾಣೋದಿಲ್ವಾ?

ಡ್ರಾಯಿಂಗ್ ಮೇಷ್ಟ್ರು

ಎತ್ತರ ಕಪ್ಪಿನಿಂದ ಬರುವುದಿಲ್ಲ. ಕಣ್ಣು ಎಲ್ಲಿ ನಿಂತಿದೆ ಅನ್ನೋದರಿಂದ ಬರುತ್ತದೆ.

ಮೊದಲು ಕ್ಷಿತಿಜದ ಗೆರೆ. ಅದನ್ನು ಹಾಳೆಯ ಬುಡದ ಹತ್ತಿರ ಇಡಿ, ನೆಲದ ಮೇಲೆ ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕೆ. ಲಷ್ಕರ್ ಮೊಹಲ್ಲಾದವರು ಹೇಳಿದ ಜನ ಇಲ್ಲಿ ಕೆಲಸಕ್ಕೂ ಬರುತ್ತಾರೆ. ಮೆಟ್ಟಿಲ ಮೇಲೆ ಒಂದು ಮಗು ನಿಂತರೆ ಗೋಪುರದ ಎತ್ತರ ತಾನಾಗಿ ಗೊತ್ತಾಗುತ್ತದೆ, ನೀವು ಹೇಳಬೇಕಿಲ್ಲ. ತುಂಬಾ ಜನ ಮಾಡೋದು ಇಷ್ಟು: ಲಂಬ ಗೆರೆಗಳನ್ನು ಮೇಲೆ ಹೋದ ಹಾಗೆ ಜಾಸ್ತಿ ಒಳಗೆ ವಾಲಿಸುತ್ತಾರೆ. ಮೊಬೈಲ್ ಫೋಟೋ ನೋಡಿ ಬಿಡಿಸಿದರೆ ಹಾಗಾಗುತ್ತದೆ. ಆಗ ಕಟ್ಟಡ ಮೈಮೇಲೆ ಬೀಳುವ ಹಾಗೆ ಕಾಣುತ್ತದೆ, ಹೆದರಿಕೆ ಹುಟ್ಟುತ್ತದೆ. ಲಂಬ ಗೆರೆಯನ್ನು ನೆಟ್ಟಗೆ ಬಿಡಿ. ಅದೇ ಗೋಪುರ ನೆಮ್ಮದಿಯಾಗಿ ನಿಲ್ಲುತ್ತದೆ.

ಎರಡನೆಯದು ಕಿಟಕಿ. ಹೊರಗಿನಿಂದ ನೋಡಿದರೆ ಹಗಲಲ್ಲಿ ಗಾಜು ಕಪ್ಪಾಗಿಯೇ ಕಾಣುತ್ತದೆ, ಅದು ನಿಜ. ಆದರೆ ಪೂರ್ತಿ ಕಪ್ಪು ತುಂಬಬೇಡಿ. ಕಿಟಕಿ ಒಳಗಿನ ಕಲ್ಲಿನ ಜಾಲರಿಗೆ ದಪ್ಪ ಇದೆ. ಆ ದಪ್ಪದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು. ಅದನ್ನು ತೋರಿಸಿದರೆ ಕಿಟಕಿ ತೂತಾಗಿ ಕಾಣೋದಿಲ್ಲ, ಕೆತ್ತಿದ ಕೆಲಸವಾಗಿ ಕಾಣುತ್ತದೆ. ಇದಕ್ಕೆ 0.1 ಪೆನ್ ಸಾಕು. ಗೆರೆ ಕಲ್ಲಿನ ಬಾಗು ಹಿಡಿದು ಹೋಗಲಿ, ಅಡ್ಡಡ್ಡ ಗೀಚಬೇಡಿ. ಕಪ್ಪು ಬೇಕಾದ್ದು ಮುಖ್ಯ ಬಾಗಿಲ ಒಳಗಿನ ಆಳದಲ್ಲಿ ಮಾತ್ರ. ಒಂದೇ ಕಡೆ ಕಪ್ಪಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಬಾಗಿಲು ಬಾ ಅಂತ ಕರೆಯುತ್ತದೆ. ಎಲ್ಲಾ ಕಡೆ ಕಪ್ಪಿದ್ದರೆ ಯಾವುದೂ ಕರೆಯೋದಿಲ್ಲ.

ಇಡೀ ಮುಂಭಾಗಕ್ಕೆ ಕೈಹಾಕುವ ಮೊದಲು ಒಂದೇ ಕಂಬದ ತಲೆ, ಒಂದೇ ಕಮಾನಿನ ತುದಿ ದೊಡ್ಡದಾಗಿ ಬಿಡಿಸಿ. ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ ವೆನಿಸ್‌ನಲ್ಲಿ ಹಾಗೇ ಮಾಡಿದ. ಒಂದೊಂದು ಕಮಾನು, ಒಂದೊಂದು ಕಲ್ಲಿನ ಎಲೆ ಹತ್ತಿರದಿಂದ. ಎಷ್ಟೋ ಹಾಳೆ ಅರ್ಧಕ್ಕೇ ನಿಂತಿವೆ. ಮನಸ್ಸು ಹಿಡಿದ ಭಾಗ ಮಾತ್ರ ಪೂರ್ತಿ, ಉಳಿದದ್ದು ತಿಳಿ ಪೆನ್ಸಿಲ್ಲು. ಅವನ ಪ್ರೀತಿ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳಬೇಕಿಲ್ಲ.

ಕತ್ತಲಿಲ್ಲದ ಗೋಥಿಕ್ ಬೇಕಾದರೆ ಲಯೊನೆಲ್ ಫೈನಿಂಗರ್ ನೋಡಿ. 1919ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಪ್ರಣಾಳಿಕೆಗೆ ಅವನು ಮಾಡಿದ ಮರದಚ್ಚು. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಕೆಥೆಡ್ರಲಿನ ಮೂರು ತುದಿಗೆ ಮೂರು ನಕ್ಷತ್ರ. ಚಿತ್ರ, ಶಿಲ್ಪ, ವಾಸ್ತು ಅನ್ನೋ ಮೂರು ಕಲೆಗಳು. ಕಿರಣಗಳು ಅಡ್ಡಾದಿಡ್ಡಿ ಹಾದುಹೋಗಿ, ಕಲ್ಲೇ ಬೆಳಕಾಗಿ ಒಡೆದಿದೆ. ಕಪ್ಪು ಶಾಯಿ ಅದರಲ್ಲೂ ಧಾರಾಳವಾಗಿದೆ. ಆದರೂ ಒಂದು ಚೂರೂ ಸೂತಕದ ಕಳೆ ಇಲ್ಲ.

ಮಂಜುಮುಸುಕು

ಫೈನಿಂಗರ್ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಆದರೂ ನನ್ನ ಪಕ್ಷ ಬಿಡೋದಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚು ನೋಡಿ. ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಹತ್ತೊಂಬತ್ತನೇ ಶತಮಾನದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಖಾಲಿ ಆಯಿತು. ಮಳೆಗಾಲದಲ್ಲಿ ನೀರು ಗೋಡೆ ಹತ್ತುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಛಾವಣಿ ಇಲ್ಲ. ಬರೀ ಕಮಾನುಗಳ ಸಾಲು. ಅಲ್ಲಿಗೆ ಸ್ಕೆಚ್ ಮಾಡೋಕೆ ಬರುವವರು ಇನ್‌ಸ್ಟಾಗ್ರಾಮ್‌ಗೆ ಮಂಜು ಸೇರಿಸುತ್ತಾರೆ ಅನ್ನೋದು ನಿಜ, ನನಗೂ ಅದು ಹಿಡಿಸುವುದಿಲ್ಲ. ಆದರೆ ಊರು ಬಿಟ್ಟು ಹೋದವರ ಕಡೆಯಿಂದ ಯೋಚನೆ ಮಾಡಿ. ತಾವು ಮದುವೆಯಾದ ಚರ್ಚು ನೀರಲ್ಲಿ ನಿಂತಿರೋದು ಅವರಿಗೆ ಹೇಗೆ ಕಾಣುತ್ತದೆ? ಅದನ್ನು ಬಿಡಿಸುವಾಗ ಕಪ್ಪು ಹಾಕದೆ ಇದ್ದರೆ ಅದೇ ಸುಳ್ಳಾಗುತ್ತದೆ.

ಲಷ್ಕರ್ ಮೊಹಲ್ಲಾ

ಇದನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಪ್ರಾರ್ಥನೆ ನಿಂತಿದೆ, ನಮ್ಮಲ್ಲಿ ನಡೆಯುತ್ತಿದೆ. ಎರಡನ್ನೂ ಒಂದೇ ಶಾಯಿಯಲ್ಲಿ ಅದ್ದಬೇಡಿ ಅಂತಷ್ಟೇ ನಾನು ಕೇಳೋದು.

ಕಲ್ಕುಟಿಗ

ಶೆಟ್ಟಿಹಳ್ಳಿಯ ಮಾತು ಸರಿ. ಅಲ್ಲಿನ ದುಃಖಕ್ಕೆ ಊರಿದೆ, ಜನ ಇದ್ದಾರೆ, ಕಾರಣ ಇದೆ. ಅದನ್ನು ಬಿಡಿಸುವವರು ನೀರಿನ ಮಟ್ಟ ಗೋಡೆ ಮೇಲೆ ಉಳಿಸಿಹೋದ ಕಲೆಯನ್ನು ಸರಿಯಾಗಿ ಬಿಡಿಸಿದರೆ ಸಾಕು, ಕಾಗೆ ಸೇರಿಸಬೇಕಿಲ್ಲ.

ಗೆರೆಗಾರ್ತಿ

ನನ್ನ ಪ್ಲಾನ್ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹಾಳೆ ಉದ್ದಕ್ಕೆ. ಕ್ಷಿತಿಜ ಕೆಳಗಡೆ. ಲಂಬ ಗೆರೆ ನೆಟ್ಟಗೆ. ಪೂಜೆ ಮುಗಿದು ಜನ ಹೊರಬರುವ ಹೊತ್ತು. ಕಪ್ಪು ಬಾಗಿಲ ಒಳಗೆ ಮಾತ್ರ. ಎಡ ಗೋಪುರವನ್ನು ತುದಿಯವರೆಗೂ ಪೂರ್ತಿ ಬಿಡಿಸಿ, ಬಲ ಗೋಪುರದ ಮೇಲರ್ಧವನ್ನು ಬರೀ ತೆಳು ಗೆರೆಯಲ್ಲಿ ಬಿಡಬೇಕು ಅಂತಿದ್ದೇನೆ. ಕೊಲೋನ್‌ನ ಆ ನಕ್ಷೆಯ ಕತೆ ಓದಿದ ಮೇಲೆ ಬಂದ ಯೋಚನೆ ಇದು. ಬಿಡಿಸೋದು ಅನ್ನೋದೇ ಕಟ್ಟೋದರ ಒಂದು ಹಂತ ಅಂತ ಕಾಣಲಿ ಅಂತ.

ರೈನ್ ದಂಡೆಯವರೇ, ಆ ನಕ್ಷೆಯನ್ನು ಈಗಲೂ ನೋಡಬಹುದಾ?

ರೈನ್ ದಂಡೆ

ನೋಡಬಹುದು. ಕೆಥೆಡ್ರಲ್ ಒಳಗೇ, ಸಂತ ಯೋಹಾನನ ಹೆಸರಿನ ಪುಟ್ಟ ಚಾಪೆಲ್‌ನಲ್ಲಿ ಇಟ್ಟಿದ್ದಾರೆ. ನಾನು ಈ ಭಾನುವಾರ ಹೋಗಿ ಎಷ್ಟು ಕಾಣುತ್ತದೋ ಅಷ್ಟು ನೋಡಿಕೊಂಡು ಬರುತ್ತೇನೆ. ಜಾಲರಿಯ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಬರೆದು ಇಲ್ಲೇ ಹಾಕುತ್ತೇನೆ. ಬಲ ಗೋಪುರದ ಯೋಚನೆ ತುಂಬಾ ಇಷ್ಟವಾಯಿತು. ಒಂದೇ ಸಲಹೆ: ತೆಳು ಗೆರೆ ಅಂದರೆ ಅರೆಬರೆ ಗೆರೆ ಆಗಬಾರದು. ಆ ನಕ್ಷೆಯಲ್ಲಿ ಹಾಗೆ ಒಂದೂ ಇಲ್ಲ. ತುದಿಯ ಹೂವಿನವರೆಗೂ ಅಳತೆ ಹಾಕಿ ಎಳೆಯಿರಿ.

ಡ್ರಾಯಿಂಗ್ ಮೇಷ್ಟ್ರು

ಹೌದು, ಅದನ್ನೇ ಹೇಳೋಣ ಅಂತಿದ್ದೆ. ಶಿಖರದ ಮೇಲೆ ಎರಡು ಬೆರಳಿನಷ್ಟಾದರೂ ಖಾಲಿ ಹಾಳೆ ಬಿಡಿ, ಮೋಡ ಬೇಡ. ಪೆನ್ಸಿಲ್ ಹಂತ ಮುಗಿದಾಗ ಇಲ್ಲಿ ಹಾಕಿ, ಶಾಯಿಗೆ ಮೊದಲು ಎಲ್ಲರೂ ಒಮ್ಮೆ ನೋಡೋಣ.